ನಕ್ಷತ್ರಗಳ ಗುರುತು ಹೇಳಿಕೊಟ್ಟ ಅಬ್ದುರ್ರಹ್ಮಾನ್ ಅಸ್ಸೂಫಿ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸುರಯ್ಯಾ ಎಂಬ ಹುಡುಗಿ, ಸುಹೈಲ್ ಎಂಬ ಹುಡುಗ ಇರಬಹುದು. ಈ ಎರಡೂ ಆಕಾಶದಿಂದ ಇಳಿದು ಬಂದ ಹೆಸರುಗಳು. ಸುರಯ್ಯಾ ಎಂದರೆ ಕೃತ್ತಿಕಾ ನಕ್ಷತ್ರಪುಂಜ. ಸುಹೈಲ್ ಎಂದರೆ ಅಗಸ್ತ್ಯ ನಕ್ಷತ್ರ. ದಿನವೂ ಈ ಹೆಸರು ಹಿಡಿದು ಕರೆಯುವ ನಮ್ಮಲ್ಲಿ ಎಷ್ಟು ಮಂದಿ ಅವುಗಳನ್ನು ಆಕಾಶದಲ್ಲಿ ಬೊಟ್ಟು ಮಾಡಿ ತೋರಿಸಬಲ್ಲೆವು? ಹೆಸರು ಬಲ್ಲವರು ನಕ್ಷತ್ರವನ್ನೂ ಬಲ್ಲರೇ ಎಂಬ ಈ ಪ್ರಶ್ನೆಗೇ ತಮ್ಮ ಬದುಕಿನ ಬಹುಭಾಗವನ್ನು ಮುಡಿಪಾಗಿಟ್ಟ ವಿದ್ವಾಂಸರೊಬ್ಬರಿದ್ದರು. ಅವರೇ ಅಬ್ದುರ್ರಹ್ಮಾನ್ ಅಸ್ಸೂಫಿ.

ಅವರು ಹುಟ್ಟಿದ್ದು ಕ್ರಿ.ಶ. 903ರಲ್ಲಿ, ಇಂದಿನ ಟೆಹ್ರಾನ್ ಸಮೀಪದ ರಯ್ ಪಟ್ಟಣದಲ್ಲಿ. ಬುವೈಹಿ ದೊರೆ ಅದುದುದ್ದೌಲಾ ಅವರಿಗೆ ಆಶ್ರಯ ನೀಡಿದ್ದಲ್ಲದೆ, ನಕ್ಷತ್ರಗಳ ವಿಷಯದಲ್ಲಿ ಅವರ ಶಿಷ್ಯನೂ ಆದ. ದೊರೆಯೊಬ್ಬ ವಿದ್ವಾಂಸನ ಮುಂದೆ ವಿದ್ಯಾರ್ಥಿಯಾಗಿ ಕುಳಿತ ಕಾಲವದು.

ಆಗ ನಕ್ಷತ್ರಗಳ ಬಗ್ಗೆ ಎಲ್ಲರೂ ನಂಬಿದ್ದು 2ನೇ ಶತಮಾನದ ಟಾಲೆಮಿಯ ಗ್ರಂಥವನ್ನು. ಅದರಲ್ಲಿ 48 ನಕ್ಷತ್ರಪುಂಜಗಳು, ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಇದ್ದವು. ಆದರೆ ಎಷ್ಟೋ ಮಂದಿ ಪುಸ್ತಕ ನೋಡಿ ಗೋಲಗಳ ಮೇಲೆ ಚುಕ್ಕೆ ಇಡುತ್ತಿದ್ದರೇ ಹೊರತು, ತಲೆ ಎತ್ತಿ ಆಕಾಶ ನೋಡುತ್ತಿರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರ ಪುಸ್ತಕಕ್ಕೆ ಹಾಗೆಯೇ ದಾಟುತ್ತಿತ್ತು. ಅಸ್ಸೂಫಿಯವರನ್ನು ಕಾಡಿದ್ದು ಇದೇ. ಅವರು ಟಾಲೆಮಿಯ ಪಟ್ಟಿಯನ್ನು ಹಿಡಿದು, ನಕ್ಷತ್ರಗಳ ಪ್ರಕಾಶವನ್ನು ತಮ್ಮ ಕಣ್ಣಿನಿಂದಲೇ ಅಳೆದರು. ತಪ್ಪು ಕಂಡಲ್ಲಿ ತಿದ್ದಿದರು. ಆಗ ದೂರದರ್ಶಕವಿನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೆನಪಿಡಿ.

ಈ ಶ್ರಮದ ಫಲವೇ 964ರ ಸುಮಾರಿಗೆ ಅವರು ಬರೆದ ಸ್ಥಿರ ನಕ್ಷತ್ರಗಳ ಗ್ರಂಥ. ಪ್ರತಿ ನಕ್ಷತ್ರಪುಂಜಕ್ಕೂ ಅದರಲ್ಲಿ ಎರಡು ಚಿತ್ರಗಳಿವೆ. ಒಂದು ಆಕಾಶದಲ್ಲಿ ಕಾಣುವಂತೆ, ಇನ್ನೊಂದು ಗೋಲದ ಮೇಲೆ ಕಾಣುವಂತೆ. ಹೊಸದಾಗಿ ಕಲಿಯುವವರು ಎಡ ಬಲ ತಿಳಿಯದೆ ಗಲಿಬಿಲಿಗೊಳ್ಳಬಾರದಲ್ಲವೇ? ಗ್ರೀಕರ ಚಿತ್ರಗಳ ಜೊತೆಗೆ ಅರಬರ ಬಾಯಲ್ಲಿದ್ದ ನಕ್ಷತ್ರಗಳ ಹೆಸರುಗಳನ್ನೂ ಅವರು ಹೊಂದಿಸಿ ಕೊಟ್ಟರು. ಆಂಡ್ರೋಮಿಡಾ ಪುಂಜದಲ್ಲಿ ಒಂದು ಪುಟ್ಟ ಮೋಡದಂಥ ಮಸುಕನ್ನೂ ಗುರುತಿಸಿದರು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಇನ್ನೊಂದು ಗ್ಯಾಲಕ್ಸಿ ಎಂಬುದು ಜಗತ್ತಿಗೆ ಖಚಿತವಾಗಿದ್ದು 1920ರ ದಶಕದಲ್ಲಿ. ಅದರ ಬಗ್ಗೆ ನಮಗೆ ತಿಳಿದಿರುವ ಅತಿ ಹಳೆಯ ಬರಹ ಅಸ್ಸೂಫಿಯವರದೇ.

ಓದುಗರೇ, ಈಗ ನೀವೂ ಅವರ ದಾರಿಯಲ್ಲಿ ನಡೆದು ನೋಡಿ. ಫೆಬ್ರವರಿ ಮೊದಲ ವಾರದ ರಾತ್ರಿ 9 ಗಂಟೆಗೆ, ದೀಪಗಳ ಬೆಳಕು ಬೀಳದ ಕಡೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಬೇಕು. ತಲೆಯೆತ್ತಿದರೆ ಸಾಲಾಗಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಪಟ್ಟಿಯ ಒಂದು ಬದಿಗೆ ಕೆಂಪು ಛಾಯೆಯ ಬೆಟೆಲ್‌ಗ್ಯೂಸ್, ಅಂದರೆ ಆರ್ದ್ರಾ. ಇನ್ನೊಂದು ಬದಿಗೆ ನೀಲಿ ಬಿಳುಪಿನ ರೈಜೆಲ್. ಅರಬ್ಬಿಯಲ್ಲಿ ರಿಜ್ಲ್ ಎಂದರೆ ಕಾಲು. ಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ರಾತ್ರಿಯ ಅತ್ಯಂತ ಪ್ರಕಾಶಮಾನ ನಕ್ಷತ್ರ ಲುಬ್ಧಕ ಸಿಗುತ್ತದೆ. ವಾಯವ್ಯಕ್ಕೆ ಎಳೆದರೆ ಕೆಂಬಣ್ಣದ ಅಲ್ಡೆಬರಾನ್, ಅಂದರೆ ರೋಹಿಣಿ. ಅರಬ್ಬಿಯಲ್ಲಿ ಅದ್ದಬರಾನ್ ಎಂದರೆ ಹಿಂಬಾಲಿಸುವವನು. ಯಾರನ್ನು? ಅದೇ ಗೆರೆಯಲ್ಲಿ ಮುಂದೆ ಹೋಗಿ, ಪುಟ್ಟ ಗೊಂಚಲಾಗಿ ಸುರಯ್ಯಾ ಕಾಣುತ್ತಾಳೆ! ಇನ್ನು ಲುಬ್ಧಕನಿಂದ ಕೆಳಕ್ಕೆ, ದಕ್ಷಿಣ ದಿಗಂತದ ಕಡೆ ಕಣ್ಣು ಹಾಯಿಸಿದರೆ ಒಂಟಿಯಾಗಿ ಹೊಳೆಯುವವನು ಸುಹೈಲ್. ಶಿರಾಜ್‌ನಲ್ಲಿ ಅವನು ದಿಗಂತದ ಮೇಲೆ ಸ್ವಲ್ಪವೇ ಏಳುತ್ತಾನೆ. ನಮ್ಮ ಕರ್ನಾಟಕದಲ್ಲಿ ಅದಕ್ಕಿಂತ ಸಾಕಷ್ಟು ಮೇಲೆ ಕಾಣುತ್ತಾನೆ.

ಅಸ್ಸೂಫಿಯವರು 986ರಲ್ಲಿ ತೀರಿಕೊಂಡರು. 15ನೇ ಶತಮಾನದಲ್ಲಿ ಸಮರ್‌ಖಂಡದ ಉಲುಗ್ ಬೇಗ್ ಅವರ ಗ್ರಂಥವನ್ನು ಬಳಸಿಕೊಂಡ. ಯುರೋಪಿನವರು ಅವರನ್ನು ಅಜೋಫಿ ಎಂದು ಕರೆದರು. ಇಂದು ಚಂದ್ರನ ಮೇಲಿನ ಒಂದು ಕುಳಿಗೂ ಅದೇ ಹೆಸರಿದೆ.

ನಮ್ಮ ಪೂರ್ವಿಕರು ವಿಜ್ಞಾನದಲ್ಲಿ ಮುಂದಿದ್ದರು ಎಂದು ವೇದಿಕೆಗಳಲ್ಲಿ ಹೆಮ್ಮೆಪಡುವುದು ಸುಲಭ. ಆದರೆ ನೋಡದೆ ನಕಲು ಮಾಡುವುದನ್ನು ಒಪ್ಪದ ಆ ಹಿರಿಯರ ಹೆಸರನ್ನು, ಆಕಾಶ ನೋಡದೆ ನಾವು ಬರೇ ಬಾಯಿಪಾಠ ಮಾಡಿದರೆ ಅವರಿಗೆ ಅದು ಗೌರವವಾದೀತೇ? ಇಂದು ರಾತ್ರಿ ಮೋಡವಿಲ್ಲದಿದ್ದರೆ ಮಕ್ಕಳ ಕೈ ಹಿಡಿದು ಅಂಗಳಕ್ಕೆ ಇಳಿಯಿರಿ. ಒಂದೇ ಒಂದು ನಕ್ಷತ್ರವನ್ನಾದರೂ ಗುರುತಿಸಿ ಒಳಗೆ ಬನ್ನಿ.