ಗೆಲ್ಲಿ ಎನ್ನದ ಕೋಚ್

ತಂಡಕ್ಕೆ ಹೊಸದಾಗಿ ಸೇರಿದ ಹುಡುಗರ ಕೈಗೆ ಚೆಂಡು ಕೊಡುವ ಮೊದಲು ಕೋಚ್ ಜಾನ್ ವುಡನ್ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಬೆರಳ ಬಳಿ, ಹಿಮ್ಮಡಿಯ ಬಳಿ ಒಂದು ಸುಕ್ಕೂ ಇರಬಾರದು. ಹೈಸ್ಕೂಲಿನಲ್ಲೇ ಹೆಸರು ಮಾಡಿ ಬಂದ ಆಟಗಾರರಿಗೆ ಇದು ತಮಾಷೆ ಎನಿಸುತ್ತಿತ್ತು. ಆದರೆ ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ, ಅಭ್ಯಾಸ ತಪ್ಪಿದವನು ಪಂದ್ಯದ ದಿನ ಹಿಂದೆ ಬೀಳುತ್ತಾನೆ ಎಂಬುದು ಅವರ ಲೆಕ್ಕ.

ವುಡನ್ ಹುಟ್ಟಿದ್ದು 1910ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಹಳ್ಳಿಯೊಂದರಲ್ಲಿ. ತಂದೆ ರೈತ, ಇದ್ದ ಜಮೀನನ್ನೂ ಕಳೆದುಕೊಂಡವರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಲೇ ವುಡನ್ ದೇಶದ ಅಗ್ರ ಬ್ಯಾಸ್ಕೆಟ್‌ಬಾಲ್ ಆಟಗಾರರಾದರು. 1932ರಲ್ಲಿ ಪದವಿ ಮುಗಿಯಿತು. ಅದೇ ವರ್ಷ, ಮದುವೆಗೆ ಇನ್ನೇನು ದಿನ ಬಂತು ಎನ್ನುವಾಗ, ಉಳಿತಾಯದ 900ಕ್ಕೂ ಹೆಚ್ಚು ಡಾಲರ್ ಇಟ್ಟಿದ್ದ ಬ್ಯಾಂಕ್ ಮುಳುಗಿತು. ಸಾಲ ಮಾಡಿ ಮದುವೆಯಾದರು.

ಆಗ ವೃತ್ತಿಪರ ಆಟಗಾರನಾದರೆ ಹೊಟ್ಟೆ ತುಂಬುವ ಕಾಲವಲ್ಲ. ವಾರವೆಲ್ಲ ಶಾಲೆಯಲ್ಲಿ ಇಂಗ್ಲಿಷ್ ಪಾಠ, ವಾರಾಂತ್ಯದಲ್ಲಿ ಇಂಡಿಯಾನಾಪೊಲಿಸ್ ಕೌಟ್ಸ್‌ಕೀಸ್ ತಂಡದ ಪರ ಆಟ. ಸಾಲು ಪಂದ್ಯಗಳಲ್ಲಿ ಒಂದನ್ನೂ ತಪ್ಪದೆ 134 ಫ್ರೀ ಥ್ರೋ ಹಾಕಿದ್ದು ಆ ದಿನಗಳ ಸಾಧನೆ. ಇಷ್ಟು ದೊಡ್ಡ ಆಟಗಾರ ಶಾಲಾ ತಂಡಕ್ಕೆ ಕೋಚ್ ಆದ ಮೊದಲ ವರ್ಷ ಮಾತ್ರ ಗೆಲುವಿಗಿಂತ ಸೋಲೇ ಹೆಚ್ಚು. ಆಡಲು ಬರುವುದು ಬೇರೆ, ಆಡಿಸಲು ಬರುವುದು ಬೇರೆ.

ಮಕ್ಕಳ ಅಂಕ ಕಡಿಮೆಯಾದರೆ ಪೋಷಕರು ಸಿಟ್ಟಾಗುವುದನ್ನು ಅವರು ತರಗತಿಯಲ್ಲಿ ಕಂಡಿದ್ದರು. ಶಕ್ತಿಮೀರಿ ಓದಿ ಸಾಧಾರಣ ಅಂಕ ಪಡೆದವನು ಸೋತವನೇ? ಈ ಪ್ರಶ್ನೆ ಕೊರೆಯಿತು. ತನ್ನಿಂದ ಆಗುವಷ್ಟನ್ನು ಪೂರ್ತಿ ಮಾಡಿದ್ದೇನೆ ಎಂಬ ನೆಮ್ಮದಿಯೇ ಯಶಸ್ಸು ಎಂದು 1934ರಲ್ಲಿ ಬರೆದಿಟ್ಟುಕೊಂಡರು. ಮುಂದೆ ತಂಡಗಳಿಗೂ ಇದನ್ನೇ ಹೇಳಿದರು. ಗೆಲ್ಲಲೇಬೇಕು ಎಂದು ಅವರು ಹೇಳಿದ್ದನ್ನು ಆಟಗಾರರು ಕೇಳಲಿಲ್ಲ.

ಇದು ಬರೀ ಬಾಯಿಮಾತೇ ಎಂಬ ಪರೀಕ್ಷೆ 1947ರಲ್ಲಿ ಬಂತು. ಅವರು ಇಂಡಿಯಾನಾ ಸ್ಟೇಟ್ ಟೀಚರ್ಸ್ ಕಾಲೇಜಿನ ಕೋಚ್. ತಂಡಕ್ಕೆ ರಾಷ್ಟ್ರೀಯ ಟೂರ್ನಿಯ ಆಹ್ವಾನ ಬಂತು, ಆದರೆ ಕಪ್ಪು ವರ್ಣೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿದ್ದ ಕ್ಲಾರೆನ್ಸ್ ವಾಕರ್ ಮುಖ್ಯ ಆಟಗಾರನಲ್ಲ, ಬದಲಿ ಆಟಗಾರ. ಅವನನ್ನು ಬಿಟ್ಟು ಹೋಗಿದ್ದರೆ ಬಲ ಕುಗ್ಗುತ್ತಿರಲಿಲ್ಲ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು. ಆ ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಎಂಬ ಹೆಸರು ವಾಕರ್‌ಗೆ ಬಂತು. ತಂಡ ಫೈನಲ್‌ನಲ್ಲಿ ಸೋತಿತು.

1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. ಮನಸ್ಸಿದ್ದದ್ದು ಮಿನ್ನೆಸೊಟಾದ ಹುದ್ದೆಯ ಮೇಲೆ. ಹಿಮಬಿರುಗಾಳಿಗೆ ಫೋನ್ ತಂತಿ ಕೆಟ್ಟು ಅಲ್ಲಿಂದ ಕರೆ ತಡವಾಯಿತು. ಅಷ್ಟರಲ್ಲಿ ಯುಸಿಎಲ್‌ಎಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿಗೆ ನಿಂತರು. ಹಳೆಯ ಇಕ್ಕಟ್ಟಾದ ಜಿಮ್‌ನಲ್ಲಿ ಕುಸ್ತಿಯವರ, ಜಿಮ್ನಾಸ್ಟಿಕ್ಸ್‌ನವರ ನಡುವೆ ಅಭ್ಯಾಸ. ನೆಲ ಒರೆಸುವ ಕೆಲಸಕ್ಕೂ ಕೋಚ್ ಕೈಹಾಕುತ್ತಿದ್ದರು. 15 ಋತುಗಳು ಕಳೆದರೂ ರಾಷ್ಟ್ರೀಯ ಪ್ರಶಸ್ತಿಯಿಲ್ಲ. 1964ರಲ್ಲಿ, 16ನೇ ಋತುವಿನಲ್ಲಿ, ತಂಡ 30 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಅಲ್ಲಿಂದ 1975ರವರೆಗಿನ 12 ವರ್ಷಗಳಲ್ಲಿ 10 ಪ್ರಶಸ್ತಿ, ನಡುವೆ ಸತತ 88 ಗೆಲುವು.

ಕಲಿಸುವ ಕ್ರಮ ಮಾತ್ರ ಹಳೆಯದೇ. ಅಂದಿನ ಅಭ್ಯಾಸವನ್ನು ನಿಮಿಷ ನಿಮಿಷದ ಲೆಕ್ಕದಲ್ಲಿ ಸಣ್ಣ ಕಾರ್ಡ್‌ಗಳ ಮೇಲೆ ಬರೆದು ತರುತ್ತಿದ್ದರು. 1974–75ರ ಋತುವಿನಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಅಂಗಳದ ಬದಿಯಲ್ಲಿ ಕುಳಿತು ಅವರ ಮಾತುಗಳನ್ನು ಲೆಕ್ಕ ಹಾಕಿದರು. ಹೊಗಳಿಕೆ ಕಡಿಮೆ, ಬೈಗುಳವೂ ಕಡಿಮೆ. ಬಹುಪಾಲು ಮಾತು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಚುಟುಕು ಸೂಚನೆಗಳೇ.

ಸ್ವೆನ್ ನೇಟರ್ ಎಂಬ ಎತ್ತರದ ಹುಡುಗ ಯುಸಿಎಲ್‌ಎಯಲ್ಲಿ ಒಂದು ಪಂದ್ಯದಲ್ಲೂ ಆರಂಭಿಕ ಐವರಲ್ಲಿ ಇರಲಿಲ್ಲ. ಆ ಜಾಗದಲ್ಲಿ ಬಿಲ್ ವಾಲ್ಟನ್ ಇದ್ದ. ನೇಟರ್‌ನ ಪಾಲಿಗೆ ಬಂದದ್ದು ದಿನವೂ ಅಭ್ಯಾಸದಲ್ಲಿ ವಾಲ್ಟನ್‌ಗೆ ಎದುರಾಳಿಯಾಗಿ ಸೆಣಸುವ ಕೆಲಸ. ಆದರೂ 1973ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯ ಮೊದಲ ಸುತ್ತಿನಲ್ಲೇ ಅವನ ಹೆಸರು ಬಂತು.

ವುಡನ್ 2010ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂದರ್ಶನಕ್ಕೆ ಹೋಗಿ ಬಂದು ಫಲಿತಾಂಶಕ್ಕೆ ಕಾಯುತ್ತಿರುವ ನಮಗೆ ಅವರ 10 ಪ್ರಶಸ್ತಿಗಳಿಗಿಂತ ಅದಕ್ಕೂ ಮುಂಚಿನ 15 ವರ್ಷಗಳು ಹತ್ತಿರ. ಆಯ್ಕೆ ಪಟ್ಟಿ ನಮ್ಮ ಕೈಯಲ್ಲಿಲ್ಲ. ಇವತ್ತಿನ ಎರಡು ಗಂಟೆಯ ಅಭ್ಯಾಸ ನಮ್ಮ ಕೈಯಲ್ಲಿದೆ. ಕಾಲುಚೀಲದ ಸುಕ್ಕು ತೆಗೆಯುವುದೂ.