ಗೀಜಗನ ಗೂಡಿನ ಮುಂದೆ ಸಲೀಂ ಅಲಿ

ಗೀಜಗನ ಗೂಡನ್ನು ನೀವು ನೋಡಿರಬಹುದು. ಅದನ್ನು ಕಟ್ಟುವುದು ಗಂಡೋ, ಹೆಣ್ಣೋ?

1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಡಾ. ಸಲೀಂ ಅಲಿಯವರು ಜರ್ಮನಿಯಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ, ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆಯೇ ರದ್ದಾಗಿತ್ತು. ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಪತ್ನಿ ತೆಹಮಿನಾ ಅವರೊಂದಿಗೆ ಕೊಲಾಬಾ (ಈಗಿನ ರಾಯಗಡ) ಜಿಲ್ಲೆಯ ಕಡಲತೀರದ ಹಳ್ಳಿ ಕಿಹಿಮ್‌ಗೆ ಹೋದರು. ಆ ಮಳೆಗಾಲವಿಡೀ ಗಂಟೆಗಟ್ಟಲೆ ಮರೆಯಲ್ಲಿ ಕುಳಿತು ಗೀಜಗಗಳನ್ನು ನೋಡಿದರು.

ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರಷ್ಟೇ ಗೂಡು ಪೂರ್ತಿ. ಒಪ್ಪದಿದ್ದರೆ, ಪಾಪ, ದುಡಿದದ್ದೆಲ್ಲ ವ್ಯರ್ಥ! ಹೆಣ್ಣು ಕಾವಿಗೆ ಕುಳಿತೊಡನೆ ಗಂಡು ಇನ್ನೊಂದು ಗೂಡು ಶುರು ಮಾಡುತ್ತದೆ, ಇನ್ನೊಂದು ಹೆಣ್ಣಿಗಾಗಿ! ಕೆಲಸವಿಲ್ಲದ ದಿನಗಳ ಈ ಅಧ್ಯಯನವೇ ಅವರಿಗೆ ಹೆಸರು ತಂದಿತು.

1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದ ಅವರು 1987ರ ಜೂನ್ 20ರಂದು ನಿಧನರಾದರು.