ನಿಖಿಲ್ ಬ್ಯಾನರ್ಜಿ ಮತ್ತು ಮಾಸ್ತರರ ರೆಕಾರ್ಡು

ಈ ಶಾಲೆಯಲ್ಲಿ ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದ್ದು 1979ರಿಂದ 1982ರವರೆಗೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಮಹನೀಯರ ಬದುಕಿನ ಬಗ್ಗೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಹೊಳೆದದ್ದು ಸಿತಾರ್ ವಾದಕ ಪಂಡಿತ ನಿಖಿಲ್ ಬ್ಯಾನರ್ಜಿಯವರ ಹೆಸರು. ಅವರು ನಮ್ಮೂರಿಗೆ ಬಂದವರಲ್ಲ, ನಾನು ಅವರನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೂ ಅವರನ್ನು ಬಿಟ್ಟು ಬೇರೆ ಯಾರ ಬಗ್ಗೆ ಬರೆದರೂ ನನಗೆ ಸಮಾಧಾನವಾಗುತ್ತಿರಲಿಲ್ಲ.

ಆಗ ನಮಗೆ ಗಣಿತ ಕಲಿಸುತ್ತಿದ್ದ ಮಾಸ್ತರರು ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದರು. ಅಲ್ಲಿ ಒಂದು ರೆಕಾರ್ಡ್ ಪ್ಲೇಯರ್, ಹತ್ತೋ ಹನ್ನೆರಡೋ ಎಲ್.ಪಿ. ರೆಕಾರ್ಡು ಇದ್ದವು. ರವಿವಾರ ಕರೆಂಟ್ ಇದ್ದರೆ ನಾವು ನಾಲ್ಕೈದು ಹುಡುಗರು ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆವು. ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ಆ ಕಪ್ಪು ತಟ್ಟೆಯ ಒಂದು ಬದಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮುಳ್ಳು ಎತ್ತಿ ತಟ್ಟೆ ತಿರುವಿ ಹಾಕುವ ಕೆಲಸ ನನ್ನದು. ನಿಖಿಲರ ಸಿತಾರ್ ನಾನು ಮೊದಲು ಕೇಳಿದ್ದು ಹಾಗೆ.

ಅವರು ಹುಟ್ಟಿದ್ದು ಕಲ್ಕತ್ತದಲ್ಲಿ, 1931ರ ಅಕ್ಟೋಬರ್ 14ರಂದು. ತಂದೆ ಜಿತೇಂದ್ರನಾಥರು ಹವ್ಯಾಸಕ್ಕೆಂದು ಸಿತಾರ್ ನುಡಿಸುತ್ತಿದ್ದವರು, ಮಗನಿಗೆ ಮೊದಲ ಪಾಠ ಹೇಳಿದವರೂ ಅವರೇ. ಒಂಬತ್ತನೆಯ ವಯಸ್ಸಿಗೇ ಹುಡುಗ ಸಿತಾರ್ ಸ್ಪರ್ಧೆಯಲ್ಲಿ ಗೆದ್ದ. ಸ್ವಲ್ಪ ದಿನದಲ್ಲೇ ಆಕಾಶವಾಣಿಯಲ್ಲಿ ನುಡಿಸತೊಡಗಿದ. ನಮ್ಮ ಕಡೆ ಆಗಿದ್ದರೆ ಅಷ್ಟಕ್ಕೇ ಹಾರ ಹಾಕಿ ಮೆರವಣಿಗೆ ಮಾಡುತ್ತಿದ್ದೆವು.

ಆದರೆ 1947ರಲ್ಲಿ ಆ ಹುಡುಗ ಮೈಹರಿಗೆ ಹೋದ. ಈಗಿನ ಮಧ್ಯಪ್ರದೇಶದಲ್ಲಿರುವ ಆ ಸಣ್ಣ ಊರಿನಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರಿದ್ದರು. ಅವರು ಸ್ವತಃ ಸರೋದ್ ವಾದಕರು. ರವಿಶಂಕರ್, ಮಗ ಅಲಿ ಅಕ್ಬರ್ ಖಾನ್, ಮಗಳು ಅನ್ನಪೂರ್ಣಾದೇವಿ, ಕೊಳಲಿನ ಪನ್ನಾಲಾಲ್ ಘೋಷ್ ಎಲ್ಲರೂ ಅವರಲ್ಲಿ ಕಲಿತವರೇ. ಹೊಸ ಶಿಷ್ಯ ಬೇಡವೆನ್ನುತ್ತಿದ್ದ ಆ ಮುದುಕರು ರೇಡಿಯೋದಲ್ಲಿ ನಿಖಿಲರ ವಾದನ ಕೇಳಿದ ಮೇಲೆ ಮನಸ್ಸು ಬದಲಿಸಿದರಂತೆ.

ಅಲ್ಲಿ ಸ್ಪರ್ಧೆಯ ಬಹುಮಾನಕ್ಕೆ ಕಿಮ್ಮತ್ತು ಇರಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಸಿತಾರ್ ಹಿಡಿದರೆ ನಡುನಡುವೆ ಒಂದಿಷ್ಟು ಬಿಡುವು ಬಿಟ್ಟು ರಾತ್ರಿ ಹನ್ನೊಂದರ ತನಕ ರಿಯಾಜು. ಗುರುಗಳದ್ದು ಕಠಿಣ ಶಿಸ್ತು. ಆದರೆ ಒಂದು ಮಾತು ಹೇಳಲೇಬೇಕು. ಅವರು ಎಲ್ಲ ಶಿಷ್ಯರನ್ನೂ ಒಂದೇ ಅಚ್ಚಿಗೆ ಹಾಕಲಿಲ್ಲ. ರವಿಶಂಕರರ ಕೈಯಲ್ಲಿದ್ದದ್ದೂ ಸಿತಾರ್, ನಿಖಿಲರ ಕೈಯಲ್ಲಿದ್ದದ್ದೂ ಸಿತಾರ್. ಕಲಿಸಿದ ಗುರು ಒಬ್ಬರೇ. ಆದರೂ ಕೇಳಿದರೆ ಎರಡೂ ಬೇರೆ ಬೇರೆ ದಾರಿ ಎಂದು ನನ್ನಂಥವನ ಕಿವಿಗೂ ತಿಳಿಯುತ್ತದೆ.

ಮಾಸ್ತರರು ಈ ಕಥೆಯನ್ನು ನನಗೆ ಹೇಳಿದ್ದಕ್ಕೆ ಕಾರಣವಿತ್ತು. ನಾನು ನಮ್ಮೂರ ಭಜನಿ ಮೇಳದಲ್ಲಿ ಪೇಟಿ ನುಡಿಸುತ್ತಿದ್ದೆ, ತಾಲೂಕು ಮಟ್ಟದಲ್ಲಿ ಮೊದಲ ಬಹುಮಾನ ಬಂದಿತ್ತು. ಅವರೇ ಓಡಾಡಿ ಪಟ್ಟಣದ ಒಬ್ಬ ಗಾಯಕರ ಹತ್ತಿರ ನನ್ನನ್ನು ಕಲಿಯಲು ಹಚ್ಚಿದರು, ಬಸ್ಸಿನ ಚಾರ್ಜೂ ತಾವೇ ಕೊಟ್ಟರು. ಆ ಗುರುಗಳು ಈವರೆಗೆ ನುಡಿಸಿದ್ದನ್ನೆಲ್ಲ ಮರೆತು ಆರು ತಿಂಗಳು ಷಡ್ಜ ಒಂದನ್ನೇ ಹಿಡಿದು ಕೂರಲು ಹೇಳಿದರು. ಬಹುಮಾನ ತಗೊಂಡವನಿಗೆ ಸಾ ಕಲಿಸುತ್ತಾರೆಯೇ ಎಂದು ನನಗೆ ಅವಮಾನವಾಯಿತು. ನಾಲ್ಕನೆಯ ವಾರ ನಾನು ಹೋಗಲಿಲ್ಲ. ಬಸ್ ಚಾರ್ಜು ಮಾತ್ರ ಇನ್ನೂ ಎರಡು ತಿಂಗಳು ಇಸಿದುಕೊಂಡೆ. ಮಾಸ್ತರರಿಗೆ ಅದು ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ. ಅವರು ಬೈಯಲಿಲ್ಲ, ಮೈಹರಿನ ಕಥೆ ಹೇಳಿದರು. ನಾನು ತಟ್ಟೆ ತಿರುವಿ ಹಾಕಿದೆ, ಅಷ್ಟೆ.

ಮೈಹರ್ ಬಿಟ್ಟ ಮೇಲೂ ನಿಖಿಲರ ಕಲಿಕೆ ನಿಲ್ಲಲಿಲ್ಲ. ಕಛೇರಿಗಳಲ್ಲಿ ಹೆಸರು ಮಾಡುತ್ತಿರುವಾಗಲೇ ಅಲಿ ಅಕ್ಬರ್ ಖಾನರ ಬಳಿ, ಅನ್ನಪೂರ್ಣಾದೇವಿಯವರ ಬಳಿ ಶಿಷ್ಯರಾಗಿ ಕೂತರು. ದೇಶವಿದೇಶ ಸುತ್ತಿದರು, ಅಮೆರಿಕದಲ್ಲಿ ಅಲಿ ಅಕ್ಬರ್ ಖಾನರ ಕಾಲೇಜಿನಲ್ಲಿ ಕಲಿಸಿದರು. ಮನೋಮಂಜರಿ ಎಂಬ ರಾಗ ಅವರದೇ ಸೃಷ್ಟಿ. 1968ರಲ್ಲಿ ಪದ್ಮಶ್ರೀ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದವು. ನಮ್ಮವರೇ ಆದ ಸರೋದ್ ವಾದಕ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. ನಿಖಿಲರ ಮಾರ್ಗದರ್ಶನವೂ ಅವರಿಗೆ ಸಿಕ್ಕಿತ್ತು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ಅವರು.

ಇಷ್ಟೆಲ್ಲ ಇದ್ದರೂ ಸ್ಟುಡಿಯೋದಲ್ಲಿ ಕೂತು ರೆಕಾರ್ಡು ಮಾಡುವುದು ನಿಖಿಲರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಎದುರಿಗೆ ಕೇಳುಗರಿಲ್ಲ, ಗಡಿಯಾರ ಮಾತ್ರ ಇದೆ. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಇಪ್ಪತ್ತು ನಿಮಿಷದ ಗೆರೆಯಲ್ಲಿ ಕೂರಿಸಬೇಕು. ಆಲಾಪದಲ್ಲಿ ಒಂದು ಸ್ವರ ಹಿಡಿದು, ತಂತಿ ಎಳೆದು, ಅದು ಆರುವವರೆಗೆ ಕಾಯುವ ಮನುಷ್ಯನಿಗೆ ಅದು ಇಕ್ಕಟ್ಟಾಗದೆ ಇರುತ್ತದೆಯೇ? ಹೀಗಾಗಿ ಸ್ಟುಡಿಯೋ ರೆಕಾರ್ಡುಗಳು ಕಡಿಮೆ. ಕಛೇರಿಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಎಷ್ಟೋ ವಾದನಗಳು ಹೊರಬಂದದ್ದು ಅವರು ತೀರಿಕೊಂಡ ಮೇಲೆ. ಅವನ್ನು ಕೇಳಿದಾಗಲೇ ನನಗೆ ಮಾಸ್ತರರ ತಟ್ಟೆಯಲ್ಲಿ ಎಷ್ಟು ಉಳಿದುಹೋಗಿತ್ತೆಂದು ಗೊತ್ತಾದದ್ದು.

ಅವರ ಹೃದಯ ದುರ್ಬಲವಾಗಿತ್ತು. 1986ರ ಜನವರಿ 27ರಂದು, ಐವತ್ನಾಲ್ಕನೆಯ ವಯಸ್ಸಿಗೆ ಹೋಗಿಬಿಟ್ಟರು. ಪದ್ಮಭೂಷಣ ಬಂದದ್ದು ಮರುವರ್ಷ.

ಮಾಸ್ತರರಿಗೆ ನಾನು ಹತ್ತನೆಯತ್ತೆ ಮುಗಿಸಿದ ವರ್ಷವೇ ವರ್ಗವಾಯಿತು. ಹೋಗುವ ಮುಂಚೆ ಆ ರೆಕಾರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲವೆಂದು ಅವರಿಗೆ ಗೊತ್ತಿತ್ತು. ನಾನು ಪ್ಲೇಯರ್ ಕೊಂಡದ್ದು ನೌಕರಿಯಿಂದ ನಿವೃತ್ತನಾದ ಮೇಲೆ. ಅಷ್ಟೊತ್ತಿಗೆ ಮಾಸ್ತರರು ಇರಲಿಲ್ಲ.

ಪೇಟಿಯನ್ನೂ ಕೆಳಗೆ ಇಳಿಸಿದ್ದೇನೆ. ಬೆಳಿಗ್ಗೆ ಅರ್ಧ ಗಂಟೆ ಸಾ ಹಿಡಿದು ಕೂರುತ್ತೇನೆ, ದನಿ ನಡುಗುತ್ತದೆ, ಮೊಮ್ಮಗಳು ನಗುತ್ತಾಳೆ. ಮಹೋತ್ಸವದ ದಿನ ರೆಕಾರ್ಡು ತರುತ್ತೇನೆ. ಎರಡನೆಯ ಬದಿಯಲ್ಲಿ ಒಂದು ಕಡೆ ಟಕ್ ಟಕ್ ಎನ್ನುತ್ತದೆ. ಅಲ್ಲಿ ಮುಳ್ಳು ಜಾರಿಸಿದವನು ನಾನೇ.